ಹಳೆಯ ಡೆಸ್ಕ್‌ಟಾಪ್‌ಗೆ 8 ಟಿಬಿ ಹಾರ್ಡ್ ಡಿಸ್ಕನ್ನು ನಾನೇ ಜೋಡಿಸಬಹುದೇ? ಕೊಳ್ಳುವಾಗ ಏನು ನೋಡಬೇಕು?

ಆರು ವರ್ಷ ಹಳೆಯ ಡೆಸ್ಕ್‌ಟಾಪ್, ತುಂಬಿ ತುಳುಕುತ್ತಿರುವ 1 ಟಿಬಿ ಡಿಸ್ಕ್, ಫೋಟೊ ಮತ್ತು ವಿಡಿಯೊ ಇಡಲು ಜಾಗವಿಲ್ಲ ಎಂದು ಬರೆದಿದ್ದೀರಿ. ನೀವೇ ಜೋಡಿಸಬಹುದು. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಅದು ಹದಿನೈದು ನಿಮಿಷದ ಕೆಲಸ. ಆದರೆ ಕೊಳ್ಳುವ ಮೊದಲು ಒಂದು ಗಂಟೆ ಓದಬೇಕು, ಜೋಡಿಸಿದ ಮೇಲೆ ಎರಡು ದಿನ ಕಾಯಬೇಕು. ಹೆಚ್ಚಿನವರು ಈ ಎರಡನ್ನೂ ಬಿಟ್ಟು ನಡುವಿನ ಹದಿನೈದು ನಿಮಿಷಕ್ಕೆ ಹೆದರುತ್ತಾರೆ. ನಾನೂ ಹಾಗೆಯೇ ಹೆದರಿದ್ದೆ.

ನನ್ನ ಮೊದಲ ದೊಡ್ಡ ಡಿಸ್ಕ್ 4 ಟಿಬಿಯದು. ಎಷ್ಟು ಟಿಬಿ, ಎಷ್ಟು ಬೆಲೆ ಎಂದಷ್ಟೇ ನೋಡಿ ತಂದಿದ್ದೆ. ಕೆಲವು ತಿಂಗಳ ನಂತರ ಒಂದು ದಿನ ವಿಡಿಯೊಗಳ ದೊಡ್ಡ ರಾಶಿಯೊಂದನ್ನು ಅದಕ್ಕೆ ನಕಲು ಮಾಡಲು ಕುಳಿತೆ. ಆರಂಭದಲ್ಲಿ ಓಡುತ್ತಿದ್ದ ನಕಲು ಸ್ವಲ್ಪ ಹೊತ್ತಿನಲ್ಲೇ ತೆವಳತೊಡಗಿತು. ಡಿಸ್ಕ್ ಕೆಟ್ಟಿರಲಿಲ್ಲ, ಅದರ ಜಾತಿಯೇ ಹಾಗಿತ್ತು. ಅದು ಎಸ್‌ಎಂಆರ್ ಡಿಸ್ಕ್. ಅದರಲ್ಲಿ ಮಾಹಿತಿಯ ಜಾಡುಗಳು ಮಾಡಿನ ಹೆಂಚುಗಳಂತೆ ಒಂದರ ಅಂಚನ್ನು ಇನ್ನೊಂದು ಮುಚ್ಚಿಕೊಂಡಿರುತ್ತವೆ. ನಡುವಿನ ಒಂದು ಹೆಂಚನ್ನು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಲ್ಲ, ಇಲ್ಲಿಯೂ ಅದೇ ಪಾಡು. ಒಂದು ಕಡೆ ತಿದ್ದಿದರೆ ಆ ಪಟ್ಟಿಯನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ಬರೆದಿಟ್ಟು ಆಗಾಗ ಓದುವುದಷ್ಟೇ ನಿಮ್ಮ ಬಳಕೆಯಾದರೆ ಎಸ್‌ಎಂಆರ್ ಸಾಕಾಗುತ್ತದೆ. ಬರೆಯುವುದು, ಅಳಿಸುವುದು ನಡೆಯುತ್ತಲೇ ಇದ್ದರೆ ಜಾಡುಗಳು ಒಂದನ್ನೊಂದು ಮುಚ್ಚದ ಸಿಎಂಆರ್ ಡಿಸ್ಕನ್ನೇ ಕೊಳ್ಳಿ. ಮುಂದೆಂದಾದರೂ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ವ್ಯವಸ್ಥೆ) ಮಾಡುವ ಆಸೆಯಿದ್ದರೂ ಅಷ್ಟೇ. 8 ಟಿಬಿಯಲ್ಲಿ ಎರಡೂ ಬಗೆಯವು ಸಿಗುತ್ತವೆ. ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಸಂಗ್ರಹ ಪೆಟ್ಟಿಗೆ) ಬಳಕೆಗೆಂದೇ ಮಾರುತ್ತಿದ್ದ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ತಯಾರಕರು ಯಾವ ಮಾದರಿ ಯಾವ ಬಗೆಯದು ಎಂಬ ಪಟ್ಟಿಗಳನ್ನು ಪ್ರಕಟಿಸಿದರು. ಮಾದರಿ ಸಂಖ್ಯೆಯನ್ನು ಪೂರ್ತಿಯಾಗಿ, ಕೊನೆಯ ಅಕ್ಷರದವರೆಗೆ, ಆ ಪಟ್ಟಿಯೊಡನೆ ಹೋಲಿಸಿ ನೋಡಿ. ಇಲ್ಲಿ ಮೊಸರಿನಲ್ಲಿ ಕಲ್ಲು ಹುಡುಕಿದರೂ ತಪ್ಪಿಲ್ಲ.

ಫೋಟೊ, ವಿಡಿಯೊ ಇಡುವುದಕ್ಕೆ ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಬೇಕಿಲ್ಲ. ನಿಧಾನ ಸುತ್ತುವವು ಕಡಿಮೆ ಸದ್ದು ಮಾಡುತ್ತವೆ, ಕಡಿಮೆ ಬಿಸಿಯಾಗುತ್ತವೆ.

ಕೊಳ್ಳುವ ಮೊದಲು ಕ್ಯಾಬಿನೆಟ್ ತೆರೆದು ಒಳಗೆ ಕಣ್ಣು ಹಾಯಿಸಿ. 3.5 ಇಂಚಿನ ಖಾನೆ, ಮದರ್‌ಬೋರ್ಡಿನಲ್ಲಿ ಒಂದು ಸಾಟಾ ಪೋರ್ಟ್ (ಡಿಸ್ಕಿನ ಮಾಹಿತಿ ಕೇಬಲ್ ಕೂರುವ ಜಾಗ), ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯಿಂದ, ಬರುವ ಒಂದು ಸಾಟಾ ಪವರ್ ತುದಿ, ಈ ಮೂರೂ ಖಾಲಿ ಇರಬೇಕು. ಮದರ್‌ಬೋರ್ಡಿಗೇ ನೇರವಾಗಿ ಸಿಕ್ಕಿಸುವ ಚಪ್ಪಟೆ ಎಂ.2 ಎಸ್‌ಎಸ್‌ಡಿ ಇದ್ದರೆ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ನಿಂತುಹೋಗುತ್ತವೆ. ಯಾವುವು ಎಂಬುದು ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಇನ್ನೊಂದು ವಿಷಯ, ಹೆಚ್ಚು ಸಾಮರ್ಥ್ಯದ ಹಲವು ಡಿಸ್ಕ್‌ಗಳಲ್ಲಿ ಪಕ್ಕದ ನಡುವಿನ ಸ್ಕ್ರೂ ತೂತು ಇರುವುದಿಲ್ಲ. ನಿಮ್ಮ ಟ್ರೇ ಆ ತೂತನ್ನೇ ನಂಬಿಕೊಂಡಿದ್ದರೆ ಡಿಸ್ಕ್ ಸರಿಯಾಗಿ ಕೂರುವುದಿಲ್ಲ.

ಈಗ ನನಗಾದ ಫಜೀತಿಯನ್ನು ಹೇಳುತ್ತೇನೆ, ಏಕೆಂದರೆ ನಿಮ್ಮದೂ ಹಳೆಯ ಎಸ್‌ಎಂಪಿಎಸ್. ಎರಡನೆಯ ಬಾರಿ ನಾನು ಸರ್ವರ್‌ಗಳಿಗೆಂದು ತಯಾರಾದ 8 ಟಿಬಿ ಡಿಸ್ಕ್ ತರಿಸಿದೆ. ಜೋಡಿಸಿದೆ, ಗುಂಡಿ ಒತ್ತಿದೆ. ಡಿಸ್ಕ್ ತಿರುಗಲೇ ಇಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಕಿವಿಯಿಟ್ಟು ಕೇಳಿದೆ. ಉಸಿರಿಲ್ಲ. ಸತ್ತ ಡಿಸ್ಕನ್ನೇ ಕಳುಹಿಸಿದ್ದಾರೆಂದು ಬೈದುಕೊಂಡು ಹಿಂದಿರುಗಿಸಲು ಪೊಟ್ಟಣವನ್ನೂ ಕಟ್ಟಿದ್ದೆ. ತಪ್ಪು ಯಾರದೂ ಆಗಿರಲಿಲ್ಲ. ಸಾಟಾ ಪವರ್ ತುದಿಯಲ್ಲಿ 15 ಪಿನ್‌ಗಳಿವೆ. ಅವುಗಳಲ್ಲಿ ಮೊದಲ ಮೂರು ಹಿಂದೆ 3.3 ವೋಲ್ಟ್‌ಗೆ ಮೀಸಲಾಗಿದ್ದವು. ಸಾಟಾ ನಿಯಮಾವಳಿಯ 3.3 ಎಂಬ ಆವೃತ್ತಿಯಲ್ಲಿ ಮೂರನೆಯ ಪಿನ್‌ಗೆ ಬೇರೆ ಕೆಲಸ ಕೊಟ್ಟರು. ಅಲ್ಲಿ ವಿದ್ಯುತ್ ಬಂದರೆ ಡಿಸ್ಕ್ ಅದನ್ನು ‘ನಿಲ್ಲು’ ಎಂಬ ಆಜ್ಞೆಯೆಂದು ತಿಳಿಯುತ್ತದೆ. ಹಳೆಯ ಎಸ್‌ಎಂಪಿಎಸ್ ಅಲ್ಲಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ, ಹಾಗಾಗಿ ಡಿಸ್ಕ್ ವಿಧೇಯವಾಗಿ ಸುಮ್ಮನಿರುತ್ತದೆ. ಶಾಖ ತಡೆಯುವ ಕ್ಯಾಪ್ಟನ್ ಟೇಪಿನ ಸಣ್ಣ ಚೂರಿನಿಂದ ಡಿಸ್ಕಿನ ಮೊದಲ ಮೂರು ಪಿನ್‌ಗಳನ್ನು ಮುಚ್ಚಿದೆ, ತಕ್ಷಣ ತಿರುಗಿತು. ನಾಲ್ಕು ಪಿನ್‌ನ ಮೊಲೆಕ್ಸ್ ತುದಿಯಿಂದ ಸಾಟಾಗೆ ಬದಲಿಸುವ ತಂತಿಯೂ ಆಗುತ್ತದೆ, ಏಕೆಂದರೆ ಮೊಲೆಕ್ಸ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುತ್ತದೆ. ಆದರೆ ಅಗ್ಗದ, ಪ್ಲಾಸ್ಟಿಕ್ ಎರಕ ಹೊಯ್ದ ತುದಿಯ ತಂತಿ ಬೇಡ. ಅದರೊಳಗೆ ಶಾರ್ಟ್ ಆಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಕೊಂಡರೆ ಈ ತಾಪತ್ರಯ ಬಹುಮಟ್ಟಿಗೆ ಇರುವುದಿಲ್ಲ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲಗ್ ಕೀಳಿ, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ. ಕೆಳಗಿನ ಹಸಿರು ಬೋರ್ಡನ್ನು ಮುಟ್ಟಬೇಡಿ. ಸಾಟಾ ತುದಿಗಳು ಒಂದೇ ದಿಕ್ಕಿನಲ್ಲಿ ಕೂರುತ್ತವೆ, ಬಲ ಹಾಕಿ ಒತ್ತಬೇಕಾಗಿ ಬಂದರೆ ತಿರುವಿ ನೋಡಿ.

ಕಂಪ್ಯೂಟರ್ ಚಾಲೂ ಮಾಡಿದ ಮೇಲೆ ವಿಂಡೋಸ್‌ನಲ್ಲಿ ಹೊಸ ಡಿಸ್ಕ್ ಕಾಣದಿದ್ದರೆ ಗಾಬರಿ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅಲ್ಲಿ ಹೆಸರಿಲ್ಲದೆ ಕುಳಿತಿರುತ್ತದೆ. ಡಿಸ್ಕಿನ ಜಾಗದ ಹಂಚಿಕೆಯನ್ನು ಬರೆದಿಡುವ ಕ್ರಮ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳಿದಾಗ ಜಿಪಿಟಿಯನ್ನೇ ಆರಿಸಿ. ಎಂಬಿಆರ್ ಸುಮಾರು 2.2 ಟಿಬಿಯ ಆಚೆಗೆ ಲೆಕ್ಕ ಇಡಲಾರದು, ಉಳಿದ ಜಾಗವೆಲ್ಲ ವ್ಯರ್ಥವಾಗುತ್ತದೆ. ಮುಗಿದ ಮೇಲೆ 8ರ ಬದಲು 7.27 ಟಿಬಿ ಎಂದು ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಫಾರ್ಮ್ಯಾಟ್ ಮಾಡುವ ಮುನ್ನ ಡಿಸ್ಕಿನ ಗಾತ್ರವನ್ನು ಎರಡು ಸಲ ಓದಿಕೊಳ್ಳಿ. ಹಳೆಯ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ಅತ್ತವರನ್ನು ಕಂಡಿದ್ದೇನೆ.

ಇನ್ನು ಆ ಎರಡು ದಿನ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಮೊದಲು ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ನೋಡಿ. ಹೊಸದೆಂದು ಕೊಂಡ ಡಿಸ್ಕ್ ಸಾವಿರಾರು ಗಂಟೆ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಹಿಂದಿರುಗಿಸಿ. ಆಮೇಲೆ ಕ್ವಿಕ್ ಫಾರ್ಮ್ಯಾಟ್ ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟ್ ಹಚ್ಚಿ ಮಲಗಿ. ಸರಾಸರಿ ಸೆಕೆಂಡಿಗೆ 180 ಎಂಬಿ ವೇಗ ಸಿಕ್ಕರೂ 8 ಟಿಬಿಗೆ ಹನ್ನೆರಡು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಮುಗಿದ ಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ ಕೆಟ್ಟ ಜಾಗಗಳ ಲೆಕ್ಕ ಹೇಳುವ 5, 197 ಮತ್ತು 198ನೆಯ ಸಾಲುಗಳನ್ನು ನೋಡಿ. ಆ ತಂತ್ರಾಂಶದಲ್ಲಿ ಇವು 05, ಸಿ5, ಸಿ6 ಎಂದು ಕಾಣುತ್ತವೆ. ಮೂಲ ಸಂಖ್ಯೆ ಮೂರರಲ್ಲೂ ಸೊನ್ನೆ ಇರಬೇಕು. ಹೊಸ ಡಿಸ್ಕಿನಲ್ಲಿ ಒಂದಿದ್ದರೂ ನಾನು ಇಟ್ಟುಕೊಳ್ಳುವುದಿಲ್ಲ. 199 ಅಂದರೆ ಸಿ7 (ಕೇಬಲಿನಲ್ಲಿ ಮಾಹಿತಿ ಸಾಗುವಾಗಿನ ತಪ್ಪುಗಳು) ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ರ ಎದುರು ಭಾರಿ ಸಂಖ್ಯೆಗಳು ಕಾಣುವುದು ಸಹಜ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಫೋಟೊಗಳನ್ನು ಹೊಸದಕ್ಕೆ ನಕಲು ಮಾಡಿ, ಹಳೆಯದರಿಂದ ಅಳಿಸಬೇಡಿ. ಸದ್ಯಕ್ಕೆ ಅದೇ ನಿಮ್ಮ ಎರಡನೆಯ ಪ್ರತಿ. ಹೊಸ ಡಿಸ್ಕಿನಲ್ಲಿ 1 ಟಿಬಿಗಿಂತ ಹೆಚ್ಚು ತುಂಬಿದ ದಿನ ಆ ಪ್ರತಿ ಸಾಲದಾಗುತ್ತದೆ, ಆದ್ದರಿಂದ ಹಣ ಹೊಂದಿಸುವಾಗ ಇನ್ನೊಂದು ಡಿಸ್ಕಿನ ಲೆಕ್ಕವನ್ನೂ ಈಗಲೇ ಹಾಕಿಡಿ.

ಮದರ್‌ಬೋರ್ಡಿನ ಮಾದರಿಯನ್ನು ನೀವು ಬರೆದಿಲ್ಲ. ಅದನ್ನು ತಿಳಿಸಿ, ಎಂ.2 ಎಸ್‌ಎಸ್‌ಡಿ ಇದೆಯೇ ಎಂಬುದನ್ನೂ ಹೇಳಿ. ಕೈಪಿಡಿ ಹುಡುಕಿ ಯಾವ ಪೋರ್ಟ್ ಬಳಸಬಹುದೆಂದು ನೋಡಿ ಹೇಳುತ್ತೇನೆ.