ಮುಖ್ಯೋಪಾಧ್ಯಾಯಿನಿಯನ್ನು ತೆಗೆದವರು ಯಾರು?

(ತಾಲ್ಲೂಕು ಕೇಂದ್ರವೊಂದರ ಪೋಷಕಿಯೊಬ್ಬರು ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರ ಇದು: ಅವರ ಮಗಳು ಓದುವುದು ರಾಜ್ಯ ಪಠ್ಯಕ್ರಮದ ಅನುದಾನರಹಿತ ಶಾಲೆಯಲ್ಲಿ. ಸ್ಥಾಪಕರು ತೀರಿಕೊಂಡ ಮೇಲೆ ಅವರ ಮಗ ಸಂಘದ ಕಾರ್ಯದರ್ಶಿಯಾಗಿದ್ದಾರೆ. ಕಳೆದ ತಿಂಗಳು ಅವರು ಮುಖ್ಯೋಪಾಧ್ಯಾಯಿನಿಗೆ ‘ನಾಳೆಯಿಂದ ಬರಬೇಡಿ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ವಿಚಾರಿಸಲು ಹೋದ ಪೋಷಕರಿಗೆ ‘ಇದು ನಮ್ಮ ಸಂಸ್ಥೆ, ಆಡಳಿತ ಮಂಡಳಿಯ ವಿಚಾರ’ ಎಂಬ ಉತ್ತರ ಸಿಕ್ಕಿತು. ತಾವು ಏನನ್ನು ಕೇಳಬಹುದು ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ತಂದೆ ಕಟ್ಟಿದ ಶಾಲೆಯ ಮೇಲೆ ಮಗನಿಗೆ ಅಭಿಮಾನವಿರುವುದು ಸಹಜ. ಆದರೆ ಶಾಲೆಯನ್ನು ನಡೆಸುತ್ತಿರುವುದು ನೋಂದಾಯಿತ ಸಂಘ. ಕಾರ್ಯದರ್ಶಿ ಆ ಸಂಘದ ಒಬ್ಬ ಪದಾಧಿಕಾರಿ ಮಾತ್ರ. ‘ಆಡಳಿತ ಮಂಡಳಿಯ ವಿಚಾರ’ ಎಂಬ ಅವರ ಮಾತನ್ನು ನಾವು ಒಪ್ಪೋಣ, ಮತ್ತು ಅದೇ ಕಾರಣಕ್ಕೆ ಮಂಡಳಿ ಯಾವತ್ತು ಸಭೆ ಸೇರಿತು, ಸದಸ್ಯರಿಗೆ ತಿಳಿವಳಿಕೆ ಪತ್ರ ಹೋಗಿತ್ತೇ, ನಡಾವಳಿ ಪುಸ್ತಕದಲ್ಲಿ ಏನೆಂದು ಬರೆಯಲಾಗಿದೆ ಎಂದು ಕೇಳೋಣ. ಅನೇಕ ಸಂಸ್ಥೆಗಳಲ್ಲಿ ನಡೆಯುವುದೇನೆಂದರೆ, ತೀರ್ಮಾನ ಮೊದಲು ಆಗುತ್ತದೆ. ಆಮೇಲೆ ಜವಾನನ ಕೈಯಲ್ಲಿ ಪುಸ್ತಕ ಕೊಟ್ಟು ಸದಸ್ಯರ ಮನೆಮನೆಗೆ ಕಳುಹಿಸಿ, ಓದದೆಯೇ ಹಾಕಿದ ಸಹಿಗಳನ್ನು ತರಿಸಿಕೊಳ್ಳಲಾಗುತ್ತದೆ. ಹೀಗೆ ಸಹಿ ಕೂಡಿಸಿದರೆ ಅದು ಸಭೆ ಎನಿಸಿಕೊಳ್ಳುವುದಿಲ್ಲ. ಹತ್ತು ಜನ ಎದುರುಬದುರು ಕುಳಿತಾಗ ‘ಆಕೆಯ ತಪ್ಪೇನು?’ ಎಂದು ಒಬ್ಬರಾದರೂ ಕೇಳುವ ಸಂಭವವಿರುತ್ತದೆ, ಮತ್ತು ಮಂಡಳಿ ಇರಬೇಕಾದದ್ದು ಆ ಒಂದು ಪ್ರಶ್ನೆಗಾಗಿ.

ಕಾನೂನು ಖಾಸಗಿ ಆಡಳಿತ ಮಂಡಳಿಗಳ ಕೈ ಕಟ್ಟಿಹಾಕಿದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಶುಲ್ಕ ನಿಗದಿ, ಸಿಬ್ಬಂದಿ ನೇಮಕ, ಕರ್ತವ್ಯಲೋಪಕ್ಕೆ ಶಿಸ್ತುಕ್ರಮ ಇವೆಲ್ಲದರಲ್ಲೂ ಅನುದಾನರಹಿತ ಸಂಸ್ಥೆಗಳಿಗೆ ವಿಶಾಲವಾದ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. ಆದರೆ ಅದೇ ತೀರ್ಪು, ಕೆಲಸ ಕಳೆದುಕೊಂಡ ಶಿಕ್ಷಕರ ಅಹವಾಲು ಕೇಳಲು ನ್ಯಾಯಮಂಡಳಿ ಇರಬೇಕೆಂದೂ ಹೇಳಿತು. ಕರ್ನಾಟಕದಲ್ಲಿ ಆ ವ್ಯವಸ್ಥೆ ಅದಕ್ಕೂ ಮೊದಲೇ ಇತ್ತು. 1983ರ ಕರ್ನಾಟಕ ಶಿಕ್ಷಣ ಅಧಿನಿಯಮದ 92ನೇ ಪ್ರಕರಣದಂತೆ, ಆರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಹೇಳಲು ಅವಕಾಶ ಕೊಡದೆ ನೌಕರರನ್ನು ವಜಾ ಮಾಡುವಂತಿಲ್ಲ. ‘ನಾಳೆಯಿಂದ ಬರಬೇಡಿ’ ಎಂಬ ಮಾತಿನಲ್ಲಿ ಇವುಗಳಲ್ಲಿ ಯಾವುದೂ ಇಲ್ಲ.

ಪತ್ರದ ನಡುವೆ ನೀವು ಬರೆದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಎರಡು ವರ್ಷಗಳಿಂದ ಶಿಕ್ಷಕರ ರಜೆ ಚೀಟಿಗೆ ಮುಖ್ಯೋಪಾಧ್ಯಾಯಿನಿ ಸಹಿ ಮಾಡಿದ ಮೇಲೂ ಕಾರ್ಯದರ್ಶಿಯ ಕೊಠಡಿಗೆ ಹೋಗಿ ಇನ್ನೊಂದು ಸಹಿ ಪಡೆಯಬೇಕಾಗಿತ್ತು ಎಂದಿದ್ದೀರಿ. ಶಾಲೆಯ ನಾಯಕತ್ವ ಕುಸಿಯುವುದು ಇಂಥ ಕಡೆಯೇ. ಎರಡನೆಯ ಸಹಿಯೇ ನಡೆಯುವುದಾದರೆ ಮೊದಲನೆಯದಕ್ಕಾಗಿ ಯಾರೂ ಕಾಯುವುದಿಲ್ಲ. ಕ್ರಮೇಣ ವೇಳಾಪಟ್ಟಿಯ ತಕರಾರು, ಒಂಬತ್ತನೆಯ ತರಗತಿಯ ಹಿಂದುಳಿದ ಮಗುವಿನ ವಿಚಾರ, ಸಹೋದ್ಯೋಗಿಯ ಮೇಲಿನ ಚಾಡಿ ಎಲ್ಲವೂ ನೇರವಾಗಿ ಕಾರ್ಯದರ್ಶಿಯ ಮೇಜಿಗೆ ಹೋಗುತ್ತವೆ. ಆಯವ್ಯಯ, ಕಟ್ಟಡ, ನೇಮಕಾತಿಯ ನಿಯಮ, ಮುಖ್ಯಸ್ಥರ ಆಯ್ಕೆ ಮಂಡಳಿಯ ಹೊಣೆ. ಪಾಠ, ಪರೀಕ್ಷೆ, ಶಿಕ್ಷಕರ ದಿನನಿತ್ಯದ ಕೆಲಸ ಮುಖ್ಯಸ್ಥರ ಹೊಣೆ. ನಿಮ್ಮ ಮುಖ್ಯೋಪಾಧ್ಯಾಯಿನಿಯ ಅಧಿಕಾರವನ್ನು ಮೊದಲೇ ಕಿತ್ತುಕೊಂಡು, ಬಳಿಕ ಶಾಲೆ ಸರಿಯಾಗಿ ನಡೆಯುತ್ತಿಲ್ಲವೆಂದು ಅವರನ್ನೇ ಕಳುಹಿಸಿದ್ದರೆ ಅದು ದೊಡ್ಡ ಅನ್ಯಾಯ.

ಇನ್ನು ಪೋಷಕರ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಆದರೆ ಅನುದಾನರಹಿತ ಶಾಲೆಗಳನ್ನು ಆ ನಿಯಮದಿಂದ ಹೊರಗಿಡಲಾಗಿದೆ. ಶುಲ್ಕ ಕಟ್ಟುವವರಿಗೇ ಬಾಯಿಲ್ಲದಂತಾದ ಈ ಏರ್ಪಾಡು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಸಿಬಿಎಸ್‌ಇ ತನ್ನ ಮಾನ್ಯತೆ ಪಡೆದ ಖಾಸಗಿ ಶಾಲೆಗಳ ಆಡಳಿತ ಸಮಿತಿಯಲ್ಲಿ ಇಬ್ಬರು ಪೋಷಕರೂ ಇಬ್ಬರು ಶಿಕ್ಷಕರೂ ಇರಬೇಕೆಂದು ವಿಧಿಸಿದೆ. ಅಷ್ಟನ್ನಾದರೂ ನಿಮ್ಮ ಮಂಡಳಿ ತಾನಾಗಿಯೇ ಒಪ್ಪಿಕೊಳ್ಳಲೆಂದು ನೀವು ಲಿಖಿತವಾಗಿ ಕೇಳಬಹುದು.

ಮೊದಲು ಹತ್ತಾರು ಪೋಷಕರು ಸೇರಿ ಕಾರ್ಯದರ್ಶಿಗಲ್ಲ, ಅಧ್ಯಕ್ಷರಿಗೆ ಪತ್ರ ಬರೆಯಿರಿ, ಸ್ವೀಕೃತಿ ಪಡೆಯಿರಿ. ಮುಖ್ಯೋಪಾಧ್ಯಾಯಿನಿಯ ಸ್ಥಾನದಲ್ಲಿ ಈಗ ಯಾರಿದ್ದಾರೆ, ಅವರ ವಿದ್ಯಾರ್ಹತೆ ಏನು, ಹತ್ತನೆಯ ತರಗತಿಯ ಪಾಠಗಳನ್ನು ಯಾರು ಮುಗಿಸುತ್ತಾರೆ ಎಂಬ ಪ್ರಶ್ನೆಗಳಿಂದ ಆರಂಭಿಸಿ, ಏಕೆಂದರೆ ಇವು ನಿಮ್ಮ ಮಕ್ಕಳಿಗೆ ನೇರವಾಗಿ ಸಂಬಂಧಿಸಿದವು. ಉತ್ತರ ಬಾರದಿದ್ದರೆ ಪತ್ರದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಿ. ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಕೆಯಾದ ಮಂಡಳಿಯ ಸದಸ್ಯರ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಿದರೆ, ಮಂಡಳಿಯಲ್ಲಿ ನಿಜಕ್ಕೂ ಯಾರಿದ್ದಾರೆಂದು ತಿಳಿಯುತ್ತದೆ.

ಮುಖ್ಯೋಪಾಧ್ಯಾಯಿನಿಗೆ ಮಾತ್ರ ಇದನ್ನು ಇಂದೇ ತಿಳಿಸಿ: ವಜಾ ಆದೇಶ ತಲುಪಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಕರ್ನಾಟಕ ಶಿಕ್ಷಣ ಅಧಿನಿಯಮದ 94ನೇ ಪ್ರಕರಣ ಅವಕಾಶ ಕೊಡುತ್ತದೆ. ಬಾಯಿಮಾತಿನ ಆದೇಶವನ್ನು ಬರವಣಿಗೆಯಲ್ಲಿ ಕೊಡುವಂತೆ ಅವರು ನೋಂದಾಯಿತ ಅಂಚೆಯಲ್ಲಿ ಕೇಳಲಿ, ರಾಜೀನಾಮೆ ಪತ್ರಕ್ಕೆ ಸಹಿ ಹಾಕದಿರಲಿ, ಮತ್ತು ತಡಮಾಡದೆ ವಕೀಲರನ್ನು ಕಾಣಲಿ.

– ಸಂಪಾದಕ