ಅಜ್ಜ ಕಳ್ಳತನದ ಕೇಸಲ್ಲಿ ಜೈಲಿಗೆ ಹೋಗಿದ್ದರು, ಈಗ 15 ವರ್ಷದ ತಮ್ಮ ಕದಿಯುತ್ತಿದ್ದಾನೆ. ಇದು ರಕ್ತದಲ್ಲೇ ಬರುತ್ತಾ? ಪೊಲೀಸರಿಗೆ ಒಪ್ಪಿಸೋದಾ, ಹಾಸ್ಟೆಲ್‌ಗೆ ಹಾಕೋದಾ?

ಎರಡೂ ಬೇಡ. ಮೊದಲು ಆ ರಕ್ತದ ಮಾತು ಬಿಡಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ನನ್ನ ತಮ್ಮನಿಗೆ ಆಗ 16. ಅಟ್ಟದ ಮೇಲಿದ್ದ ಚಾಲಿ ಅಡಿಕೆ ಚೀಲ ಹಗುರಾಗುತ್ತಾ ಬಂತು. ಇಲಿ ಅಂದುಕೊಂಡೆವು. ಇಲಿ ಚೀಲದ ಬಾಯಿಯನ್ನು ಮತ್ತೆ ಹೊಲಿದಿಡಲ್ಲ ಅಲ್ವಾ! ಬೈಕ್ ಇದ್ದ ಇಬ್ಬರು ಗೆಳೆಯರ ಜೊತೆ ಪೇಟೆಗೆ ಒಯ್ದು ಮಾರುತ್ತಿದ್ದ. ಕೇಳಿದರೆ, "ನಮ್ಮನೆ ಅಡಿಕೆ ತಾನೇ ಅಕ್ಕಾ, ಕದ್ದ ಹಾಗೆ ಹೇಗಾಗ್ತು?" ಅಂದ. ಹುಡುಗರ ಇಂಥ ನೆಪಗಳ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸೈಕ್ಸ್ ಮತ್ತು ಮಾಟ್ಜಾ 1957ರಲ್ಲೇ ಬರೆದಿದ್ದರಂತೆ. ತಪ್ಪು ಅಂತ ಗೊತ್ತಿರುವುದಕ್ಕೇ ನೆಪ ಬೇಕಾಗುತ್ತೆ. ನಾಚಿಕೆ ಇಲ್ಲದವನು ನೆಪ ಯಾಕೆ ಹುಡುಕುತ್ತಾನೆ? ಇದು ನನಗೆ ಹೊಳೆದದ್ದು ತೀರಾ ತಡವಾಗಿ.

ಎರಡು ದಿನ ಯಾರಿಗೂ ಹೇಳದೆ ಸಿಟ್ಟು ಕಟ್ಟಿಟ್ಟುಕೊಂಡೆ. ಮೂರನೇ ದಿನ ಅಡಿಕೆ ಸುಲಿತ. ಜಗಲಿಯಲ್ಲಿ ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದರು. ತಮ್ಮ ಚಹಾ ತಂದ. "ಆಯಿ, ಕಳ್ಳನ ಕೈಲಿ ಚಹಾ ಕೊಡಿಸಡ" ಅಂದುಬಿಟ್ಟೆ. ಕತ್ತಿಗಳ ಸದ್ದು ನಿಂತಿತು. ಅವನು ಲೋಟಗಳ ತಟ್ಟೆಯನ್ನು ಕಂಬದ ಪಕ್ಕ ಇಟ್ಟು ಒಳಗೆ ಹೋದ.

ಬೈದದ್ದು ತಪ್ಪಲ್ಲ. ಬೈಯಲೇಬೇಕಿತ್ತು. ತೋಟಕ್ಕೆ ಕರೆದು ಬೈಯಬಹುದಿತ್ತು, ಕೊಟ್ಟಿಗೆಯಲ್ಲಿ ಬೈಯಬಹುದಿತ್ತು. ಸುಲಿಯಲು ಬಂದವರ ಎದುರು ಬೈದೆ. ಹನ್ನೆರಡು ಜನ ಅಂದರೆ ಹನ್ನೆರಡು ಮನೆ. ಆಮೇಲೆ ಯಾರ ಮನೆಯ ತೆಂಗಿನಕಾಯಿ ಹೋದರೂ ಎಲ್ಲರ ಕಣ್ಣು ನಮ್ಮ ಅಂಗಳದ ಕಡೆ. ಊರಲ್ಲಿ ಅವನನ್ನು ಹಾಗೆ ನೋಡದೇ ಇದ್ದವರು ಆ ಇಬ್ಬರು ಗೆಳೆಯರು ಮಾತ್ರ. ಮತ್ತೆಲ್ಲಿಗೆ ಹೋಗುತ್ತಾನೆ? ಆರು ತಿಂಗಳಿಗೆ ಬೇರೆಯವರ ತೋಟದ ಪಂಪ್‌ಸೆಟ್ ಜೊತೆ ಸಿಕ್ಕಿಬಿದ್ದ. ಅಡಿಕೆ ಕದ್ದವನು ಅವನೇ, ಸರಿ. ಪಂಪ್‌ಸೆಟ್‌ನಲ್ಲಿ ನನ್ನ ಪಾಲೂ ಇದೆ.

ಇನ್ನು ರಕ್ತ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ದವಡೆ, ತಲೆಬುರುಡೆ ನೋಡಿ ಹುಟ್ಟು ಅಪರಾಧಿಯನ್ನು ಗುರುತಿಸಬಹುದು ಅಂದ. ಇಂಗ್ಲೆಂಡಿನ ಜೈಲು ವೈದ್ಯ ಗೋರಿಂಗ್ ಸಾವಿರಾರು ಕೈದಿಗಳನ್ನು ಅಳತೆ ಮಾಡಿ, ಮೈಕಟ್ಟು ನೋಡಿ ಗುರುತಿಸುವಂಥ ಅಪರಾಧಿ ಅಂತ ಯಾರೂ ಇಲ್ಲ ಅಂತ 1913ರಲ್ಲಿ ಹೇಳಿದ. ದುಡುಕು ಸ್ವಭಾವದಲ್ಲಿ ವಂಶದ ಪಾಲು ಒಂದಷ್ಟು ಇರುತ್ತೆ, ಇಲ್ಲ ಅನ್ನಲ್ಲ. ಹಾಗಂತ ಅಜ್ಜನ ಕೇಸು ಮೊಮ್ಮಗನ ಜಾತಕ ಅಲ್ಲ. ಹರೆಯದಲ್ಲಿ ಅಡ್ಡದಾರಿ ಹಿಡಿದವರಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ಬಿಟ್ಟುಬಿಡುತ್ತಾರೆ ಅಂತ ಮನೋವಿಜ್ಞಾನಿ ಟೆರಿ ಮೊಫಿಟ್ 1993ರಲ್ಲಿ ಬರೆದಿದ್ದಾರೆ. ಚಿಕ್ಕಂದಿನಿಂದಲೇ ಬೇರೆಯವರಿಗೆ ಹೊಡೆಯೋದು, ಪ್ರಾಣಿಗಳಿಗೆ ಹಿಂಸೆ ಎಲ್ಲ ಇದ್ದರೆ ಮಾತ್ರ ಬೇರೆ ವಿಷಯ. ಆಗ ಮನೋವೈದ್ಯರ ಹತ್ತಿರ ಹೋಗಿ.

ನೀವು ಮಾಡಬೇಕಾದ್ದು: ದುಡ್ಡು ಯಾತಕ್ಕೆ ಬೇಕಾಯ್ತು, ಜೊತೆಗೆ ಯಾರಿದ್ದರು ಅಂತ ಒಬ್ಬರೇ ಕೂತು ಕೇಳಿ. ಕದ್ದದ್ದನ್ನು ಅವನ ಕೈಯಲ್ಲೇ ವಾಪಸ್ ಕೊಡಿಸಿ, ನೀವೂ ಜೊತೆಗೆ ಹೋಗಿ. ನೆಂಟರಿಗೆ ಹೇಳಬೇಡಿ. ಹಾಸ್ಟೆಲ್‌ನಲ್ಲಿ ಅವನು ಯಾರ ಜೊತೆ ಸೇರುತ್ತಾನೆ ಅಂತ ನಿಮಗೆ ಗೊತ್ತೇ ಆಗಲ್ಲ. ಕೇಸಾದರೂ 18 ತುಂಬದವನ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ, ಹೆಸರು ಪೇಪರಲ್ಲಿ ಹಾಕುವಂತಿಲ್ಲ. ಕಾನೂನಿಗೆ ಇದ್ದಷ್ಟು ಬುದ್ಧಿ ನನಗಿರಲಿಲ್ಲ.

ತಮ್ಮ ಈಗ ಅಂಕೋಲಾದಲ್ಲಿ ಟೆಂಪೋ ಓಡಿಸುತ್ತಾನೆ. ಕೆಟ್ಟ ಸಹವಾಸ ಬಿಟ್ಟು ವರ್ಷಗಳಾದವು. ಚೌತಿಗೆ ಬರುತ್ತಾನೆ. ಹೊರಡುವಾಗ ಚೀಲದ ಜಿಪ್ ತೆಗೆದು ನನ್ನ ಮುಂದೆ ಇಡುತ್ತಾನೆ, ನಾನು ಬೇಡ ಅಂದರೂ.