80 ಕಿ.ಮೀ. ವೇಗ ದಾಟಿದರೆ ಕಾರು ನಡುಗುವುದೇಕೆ?

80–100ರ ನಡುವೆ ಸ್ಟೀರಿಂಗ್ ನಡುಗುತ್ತಿದ್ದರೆ ಬಹುತೇಕ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ (ಸುತ್ತಲೂ ತೂಕ ಸಮನಾಗಿರುವುದು) ತಪ್ಪಿದೆ. ರಿಮ್ಮಿಗೆ ಅಂಟಿಸಿದ ತೂಕದ ತುಂಡು ಉದುರಿರಬಹುದು. ರಿಮ್ಮಿನ ಒಳಗೆ ಕೆಸರು ಒಣಗಿ ಕೂತಿದ್ದರೂ ಸಾಕು, ಹಾಗಾಗಿ ಮೊದಲು ತೊಳೆದು ನೋಡಿ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರಗಳ ಮೇಲೆ ಅನುಮಾನ. ಬ್ಯಾಲೆನ್ಸ್ ಮಾಡಿಸಿದರೂ ಹೋಗದಿದ್ದರೆ ರಿಮ್ ಬಾಗಿದೆಯೇ, ಟೈರ್ ಪಕ್ಕದಲ್ಲಿ ಉಬ್ಬಿದೆಯೇ ಪರೀಕ್ಷಿಸಿ. ಉಬ್ಬಿದ ಟೈರ್ ಸಿಡಿಯಬಹುದು, ತಕ್ಷಣ ಬದಲಿಸಿ. ಈ ನಡುಕಕ್ಕೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸುವವರೇ ಹೆಚ್ಚು. ಅದು ಕಾರು ಒಂದು ಕಡೆ ಎಳೆಯುವುದಕ್ಕೆ ಮದ್ದು, ನಡುಕಕ್ಕಲ್ಲ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಸಮವಾಗಿ ಸವೆದಿಲ್ಲ. ಆಕ್ಸಿಲರೇಟರ್ ತುಳಿದಾಗ ನಡುಗಿ, ಕಾಲು ತೆಗೆದರೆ ನಿಂತರೆ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಸವೆದಿರುವ ಸಾಧ್ಯತೆ ಹೆಚ್ಚು. ನಿಂತಲ್ಲೇ ನಡುಗುವುದಾದರೆ ಚಕ್ರ ಬಿಡಿ, ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ನೋಡಿಸಿ.